ಶಿಂಪಿ ಚಾಳದ ಫ್ಯೂಸು

2025ರ ಏಪ್ರಿಲ್ 25, ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮುಂಬೈಯ ಬೈಕುಲ್ಲಾ ಪೊಲೀಸ್ ಠಾಣೆಗೆ ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ಬಂದು ಡ್ಯೂಟಿ ಆಫೀಸರರ ಮೇಜಿನ ಮುಂದೆ ನಿಂತ. ತಾಯಿಯನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದ. ಅಂಗಿಯ ತೋಳಿಗೆ ಕಬರಸ್ತಾನದ ಮಣ್ಣು ಹತ್ತಿತ್ತು. ಕೂಡಲು ಹೇಳಿದರೂ ಕೂಡಲಿಲ್ಲ. ದೂರು ಕೊಡಬೇಕು, ಬರೆದುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದ.

ಹೆಸರು ಜಮೀರ ನದಾಫ್, ಮೂಲ ಊರು ಇಂಡಿ ತಾಲೂಕು ಎಂದು ಹೇಳಿದ್ದು ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಶಿವಪುತ್ರಪ್ಪ ಕಲಶೆಟ್ಟಿಯವರ ಕಿವಿಗೆ ಬಿತ್ತು. ಕಲಶೆಟ್ಟಿ ಅಕ್ಕಲಕೋಟದವರು, ಮನೆಮಾತು ಕನ್ನಡ. ಹೊರಗೆ ಬಂದು ತಾವೇ ಅವನ ಎದುರು ಕುರ್ಚಿ ಎಳೆದುಕೊಂಡರು.

"ನಿನ್ನೆ ಶಿಂಪಿ ಚಾಳದಾಗ ಬೆಂಕಿ ಬಿದ್ದು ತೀರಿಕೊಂಡವರು ನಿಮ್ಮ ತಾಯಿ ಏನು?"

ಕನ್ನಡ ಕೇಳಿದ್ದೇ ಜಮೀರ ಬೆಂಚಿನ ಮೇಲೆ ಕುಳಿತ.

"ಬೆಂಕಿ ಬಿದ್ದಿಲ್ರಿ ಸಾಹೇಬ್ರ. ಹಚ್ಚ್ಯಾರ."

"ಯಾರು?"

"ಮಾಲೀಕನ ಕಡೆಯವರು. ಚಾಳ ಖಾಲಿ ಮಾಡ್ರಿ ಅಂತ ವಕೀಲನ್ನ ಕಳಿಸಿದ್ದ. ಅಮ್ಮೀ ಬಿಡಾಂಗಿಲ್ಲ ಅಂದಿದ್ಲು. ಆಮ್ಯಾಲೆ ಬಾಷಾ ಬಂದು ಮೆಟ್ಟಿಲ ಮ್ಯಾಗಿನ ಬೋರ್ಡಿಗೆ ಕೈ ಹಚ್ಚಿ ಹೋಗ್ಯಾನ. ಮಂದಿ ನೋಡ್ಯಾರ."

"ಬಾಷಾ ಯಾರು?"

"ಚಾಳದ ವೈರ್‌ಮನ್ ರಿ. ಮಾಲೀಕನ ಪಗಾರದ ಮನುಷ್ಯಾ."

"ಬೆಂಕಿ ಹತ್ತಿದಾಗ ನೀವ್ ಎಲ್ಲಿದ್ರಿ?"

"ಕುರ್ಲಾದಾಗ, ಗ್ಯಾರೇಜಿನಾಗ. ಹೆಂಡ್ತಿ ಯಾಸ್ಮೀನ ಹಡ್ಯಾಕ ತವರಿಗೆ ಹೋಗ್ಯಾಳ. ಅಮ್ಮೀ ಒಬ್ಬಾಕೀನ ಇದ್ಲು."

ಗುರುವಾರದ ದಾಖಲೆ ಕಲಶೆಟ್ಟಿಯವರ ಮೇಜಿನ ಮೇಲೇ ಇತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಎರಡನೇ ಮಾಳಿಗೆಯ ಇಪ್ಪತ್ತೊಂದನೇ ಖೋಲಿಯ ಅಟ್ಟಕ್ಕೆ ಬೆಂಕಿ ಹತ್ತಿತ್ತು. ಅಟ್ಟದ ತುಂಬ ಕೌದಿ ಹೊಲಿಯುವ ಹಳೆಯ ಬಟ್ಟೆ, ಅರಳೆ. ಜಮೀರನ ತಾಯಿ ದೌಲತಬಿ, ಅರವತ್ತೆಂಟು ವರ್ಷ, ಬಾಗಿಲ ಬಳಿ ಬಿದ್ದಿದ್ದಳು. ಮೈ ಹೆಚ್ಚು ಸುಟ್ಟಿರಲಿಲ್ಲ. ಸಾವು ಹೊಗೆಯಿಂದ ಎಂದು ಶವಪರೀಕ್ಷೆಯ ಪ್ರಾಥಮಿಕ ಅಭಿಪ್ರಾಯ. ಸದ್ಯಕ್ಕೆ ಆಕಸ್ಮಿಕ ಮರಣ ಎಂದು ಬರೆದಿತ್ತು.

ಜಮೀರನ ಹೇಳಿಕೆಯ ಮೇಲೆ ಕಲಶೆಟ್ಟಿ, ಸಾಕ್ಷಿ ಸಿಗುವವರೆಗೆ ಅಪರಿಚಿತರ ವಿರುದ್ಧ ಎಂದು, ಬೆಂಕಿ ಹಚ್ಚಿದ ಕಲಮಿನಡಿ ಎಫ್‌ಐಆರ್ ದಾಖಲಿಸಿದರು. ಹೇಳಿಕೆ ಬರೆದುಕೊಂಡವಳು ಕಾನ್‌ಸ್ಟೇಬಲ್ ಬುಷರಾ ಮುಲ್ಲಾ. ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅಜ್ಜಿಯಿಂದ ಕಲಿತ ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಸಹಿ ಮಾಡುವಾಗ ಜಮೀರ ಕೇಳಿದ: "ಹಿಡೀತೀರಿಲ್ರಿ ಅವರನ್ನ?"

"ಯಾರದು ತಪ್ಪೋ ಅವರನ್ನ ಹಿಡೀತೀನಿ" ಎಂದರು ಕಲಶೆಟ್ಟಿ.

ಶನಿವಾರ ಬೆಳಿಗ್ಗೆ ಸ್ಥಳ ಪಂಚನಾಮೆ. ಇಬ್ಬರು ಪಂಚರು, ಫೋಟೋಗ್ರಾಫರ್, ಸರ್ಕಾರಿ ವಿದ್ಯುತ್ ಪರಿವೀಕ್ಷಕಿ ಸಾಳವಿ. ಶಿಂಪಿ ಚಾಳ ಒಂಟಿ ಕೋಣೆಯ ಮನೆಗಳ ನೂರು ವರ್ಷದ ಕಟ್ಟಡ, ಒಂದು ಕಾಲದಲ್ಲಿ ದರ್ಜಿಗಳೇ ತುಂಬಿದ್ದದ್ದು. ಎರಡನೇ ಮಾಳಿಗೆಯಲ್ಲಿ ಮೆಟ್ಟಿಲಿನಿಂದ ಸಾಲಾಗಿ ನಾಲ್ಕು ಖೋಲಿ. ಮೊದಲನೆಯದು ದೌಲತಬಿಯದು. ಅದರ ಪಕ್ಕ ಚೆನ್ನಯ ಪೂಜಾರಿ, ಅವರ ಹೆಂಡತಿ ವಸಂತಿ. ಮೂರನೆಯದರಲ್ಲಿ ಅಲ್ತಮಶ ಎಂಬ ಯುವಕ ಒಬ್ಬನೇ ಬಾಡಿಗೆಗಿದ್ದ. ನಾಲ್ಕನೆಯದಕ್ಕೆ ವರ್ಷಗಳಿಂದ ಬೀಗ. ಬೆಂಕಿಯ ನಂತರ ಯಾರೂ ಅಲ್ಲಿ ಇರಲಿಲ್ಲ. ಚೆನ್ನಯ ಹೆಂಡತಿಯನ್ನು ಸಯನ್‌ನಲ್ಲಿರುವ ತಂಗಿಯ ಮಗಳ ಮನೆಗೆ ಕರೆದೊಯ್ದಿದ್ದರು.

ಕೆಳಗಿನ ಮಾಳಿಗೆಯವರು ಚೆನ್ನಯರ ವಿಷಯವನ್ನು ಹೆಮ್ಮೆಯಿಂದ ಹೇಳಿದರು. ಹೊಗೆ ಬಂದದ್ದೇ ಕಾಯಿಲೆಯ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಎರಡು ಮಾಳಿಗೆ ಇಳಿದಿದ್ದರಂತೆ. ಅವಳನ್ನು ಅಂಗಳದಲ್ಲಿ ಮಲಗಿಸಿ ದೌಲತಬಿಗಾಗಿ ಮತ್ತೆ ಮೇಲೆ ಓಡಿದ್ದರಂತೆ. ಅಷ್ಟರಲ್ಲಿ ಕಾರಿಡಾರು ಹೊಗೆಯಿಂದ ತುಂಬಿ ಒಳಗೆ ಕಾಲಿಡಲಾಗಿರಲಿಲ್ಲ.

ಸಾಳವಿ ದೌಲತಬಿಯ ಖೋಲಿಯ ಗೋಡೆ ನೋಡುತ್ತ ನಿಂತರು. ಗೋಡೆಗುಂಟ ಚಾವಣಿಯ ಕೆಳಗೆ ಮರದ ಪಟ್ಟಿ ಓಡಿತ್ತು. ಪಟ್ಟಿಯಲ್ಲಿ ಎರಡು ಕಾಲುವೆ, ಒಂದೊಂದರಲ್ಲಿ ಒಂದು ತಂತಿ, ಮೇಲೆ ಮರದ್ದೇ ಮುಚ್ಚಳ, ಅದಕ್ಕೆ ಬಣ್ಣದ ಮೇಲೆ ಬಣ್ಣ. ಸುಡದೆ ಉಳಿದ ಕಡೆ ಮುಚ್ಚಳ ಬಿಚ್ಚಿಸಿದರು. ತಂತಿಯ ಮೇಲೆ ರಬ್ಬರು, ರಬ್ಬರಿನ ಮೇಲೆ ನೇಯ್ದ ನೂಲು. ಸಾಳವಿ ಬೆರಳಿನಿಂದ ಮುಟ್ಟಿದ್ದೇ ರಬ್ಬರು ಹುಡಿಯಾಗಿ ಉದುರಿತು. ಒಳಗಿನ ತಾಮ್ರ ಬರಿಮೈಯಾಗಿ ಕಂಡಿತು.

"ಇದು ಯಾವ ಕಾಲದ್ದು?" ಕಲಶೆಟ್ಟಿ ಮರಾಠಿಯಲ್ಲಿ ಕೇಳಿದರು.

"ಚಾಳಕ್ಕೆ ಕರೆಂಟು ಬಂದ ಕಾಲದ್ದು. ಆಗ ಖೋಲಿಗೊಂದು ಬಲ್ಬು, ಬಹಳವೆಂದರೆ ಒಂದು ರೇಡಿಯೋ. ಅದಕ್ಕೆ ಇಷ್ಟು ಸಾಕಾಗಿತ್ತು. ಒಂದೇ ಲೈನು, ಇಲ್ಲಿಂದ ಹಾದು ಮುಂದಿನ ಮೂರೂ ಖೋಲಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲವೇ ಇಲ್ಲ."

ಅಟ್ಟದ ಮೇಲಿನ ಮೂಲೆಯಲ್ಲಿ ಪಟ್ಟಿ ಪೂರ್ತಿ ಇದ್ದಿಲಾಗಿತ್ತು. ಅಲ್ಲಿ ಎರಡು ತಂತಿಗಳನ್ನು ಹೊಸೆದು ಜೋಡಿಸಿದ್ದರು. ಜೋಡಣೆಯ ತಾಮ್ರ ಕರಗಿ ಮಣಿಯಂತೆ ಗಟ್ಟಿಯಾಗಿತ್ತು. ಬೆಂಕಿ ಶುರುವಾದದ್ದು ಇಲ್ಲೇ ಎಂದರು ಸಾಳವಿ. ಸೀಮೆಎಣ್ಣೆಯ ವಾಸನೆ ಇಲ್ಲ. ಹೊರಗಿನಿಂದ ಏನನ್ನೂ ಎಸೆದ ಕುರುಹಿಲ್ಲ.

"ಅಂದ್ರೆ ಸರ್, ಶಾರ್ಟ್ ಸರ್ಕಿಟ್? ಕೇಸ್ ಖತಮ್?" ಬುಷರಾ ಕೇಳಿದಳು.

ಸಾಳವಿ ಉತ್ತರಿಸದೆ ಮೆಟ್ಟಿಲ ಬಳಿಯ ಬೋರ್ಡಿಗೆ ಹೋದರು. ಅದಕ್ಕೆ ಬೆಂಕಿ ತಗುಲಿರಲಿಲ್ಲ. ಮುಖ್ಯ ಸ್ವಿಚ್ಚನ್ನು ಅಗ್ನಿಶಾಮಕ ದಳದವರೇ ಬಂದು ಕೆಳಗೆಳೆದಿದ್ದರು. ಸಾಳವಿ ಕೈಗವಸು ಹಾಕಿಕೊಂಡು ಬಿಳಿ ಪಿಂಗಾಣಿಯ ಫ್ಯೂಸನ್ನು ಹೊರಗೆಳೆದು ಕಲಶೆಟ್ಟಿಯವರ ಮುಂದೆ ಹಿಡಿದರು. ಎರಡು ಸ್ಕ್ರೂಗಳ ನಡುವೆ ಕೂದಲೆಳೆಯಂಥ ಫ್ಯೂಸ್ ವೈರ್ ಇರಬೇಕಾದ ಕಡೆ ಬಳೆಯಷ್ಟು ದಪ್ಪದ ತಾಮ್ರದ ತಂತಿ ಇತ್ತು.

"ಭಾರ ಹೆಚ್ಚಾದರೆ ಮೊದಲು ಕರಗಬೇಕಾದದ್ದು ಇದು. ಇದು ಕರಗುವ ಹಾಗೆಯೇ ಇರಲಿಲ್ಲ. ಅದಕ್ಕೇ ಲೈನಿನಲ್ಲಿ ಮತ್ತೆಲ್ಲಿ ದುರ್ಬಲ ಇತ್ತೋ ಅಲ್ಲಿ ಸುಟ್ಟಿತು. ಅಟ್ಟ ಉರಿಯುವಾಗಲೂ ಕರೆಂಟು ಹರಿಯುತ್ತಲೇ ಇತ್ತು."

"ಸರಿಯಾದ ಫ್ಯೂಸ್ ಇದ್ದಿದ್ದರೆ?"

"ಮಾಳಿಗೆಯ ಕರೆಂಟು ಹೋಗುತ್ತಿತ್ತು. ಅಷ್ಟೆ."

ಫ್ಯೂಸು, ಕರಗಿದ ಜೋಡಣೆ, ಪಟ್ಟಿಯ ತುಂಡುಗಳು ಮುದ್ದೆಮಾಲಾಗಿ ಸೀಲಾದವು. ಬೆಂಕಿ ಯಾರೂ ಹಚ್ಚಿದ್ದಲ್ಲ ಎಂಬುದು ಬಹುತೇಕ ಸ್ಪಷ್ಟವಾಗಿತ್ತು. ಆದರೆ ಆ ತಂತಿಯನ್ನು ಯಾರೋ ಒಬ್ಬರು ತಮ್ಮ ಕೈಯಾರೆ ಅಲ್ಲಿ ಬಿಗಿದಿದ್ದರು.

ಮಧ್ಯಾಹ್ನ ಬಾಷಾನನ್ನು ಠಾಣೆಗೆ ಕರೆತಂದರು. ಐವತ್ತು ದಾಟಿದ ಬಡಕಲು ಮನುಷ್ಯ, ರಾಯಚೂರಿನ ಕಡೆಯವನು. ಬಾಗಿಲಲ್ಲಿ ಕಾದಿದ್ದ ಜಮೀರ ಅವನ ಕಾಲರು ಹಿಡಿದ. ಇಬ್ಬರು ಪೇದೆಗಳು ಬಿಡಿಸಬೇಕಾಯಿತು.

ಕಲಶೆಟ್ಟಿ ಫ್ಯೂಸಿನ ಫೋಟೋ ತೋರಿಸಿದರು. "ಇದನ್ನ ನೀ ಹಾಕಿದ್ದಿ?"

ಬಾಷಾ ಫೋಟೋವನ್ನು ಕಣ್ಣಿನ ಹತ್ತಿರ ತಂದು ನೋಡಿದ. "ಯಾ ಅಲ್ಲಾ" ಎಂದ. "ನಾ ಅಲ್ರಿ. ಮಕ್ಕಳ ಆಣೆ. ನಾ ಹಾಕಾದು ಅಂಗಡಿ ಫ್ಯೂಸ್ ವೈರು."

"ಬೋರ್ಡಿಗೆ ಕೈ ಹಚ್ಚಿದ್ದನ್ನ ನೋಡ್ಯಾರ."

"ದಿನಾ ಹಚ್ಚುತ್ತಿದ್ದೆ. ದಿನಾ ಫ್ಯೂಸ್ ಹೋಗ್ತಿತ್ತು. ಬ್ಯಾಸಗಿ ಬಂದಮ್ಯಾಗ ಮಧ್ಯಾಹ್ನ ಒಂದ್ಸಲ, ಎರಡ್ಸಲ. ಮೂರನೇ ಖೋಲಿ ಹುಡುಗ ಎಸಿ ಕುಂದ್ರಿಸ್ಯಾನ. ಈ ಲೈನು ತಡಿಯಾಂಗಿಲ್ಲಂತ ಮಾಲೀಕಗ ಹೇಳ್ದೆ. ಬಿಲ್ಡಿಂಗೇ ಕೆಡವಾದೈತಿ, ಯಾಕ ಖರ್ಚು ಅಂದ."

"ಕಡೀಗೆ ಯಾವಾಗ ಹಾಕಿದ್ದಿ?"

ಬಾಷಾ ಯೋಚಿಸಿದ. "ಯುಗಾದಿ ಆಗಿ ಒಂದು ವಾರಕ್ಕ ಇರಬೇಕು. ಆಮ್ಯಾಗ ಆ ಮಾಳಿಗಿಯಿಂದ ಯಾರೂ ಕರೀಲೇ ಇಲ್ಲ."

"ದಿನಾ ಹೋಗೂ ಫ್ಯೂಸು ಒಮ್ಮೆಲೆ ನಿಂತ್ರ ನಿನಗ ಸಂಶಯ ಬರ್ಲಿಲ್ಲ?"

ಬಾಷಾ ಫೋಟೋವನ್ನು ಮೇಜಿನ ಮೇಲಿಟ್ಟ. "ಖುಷಿ ಆತ್ರಿ" ಎಂದ. "ನನ್ನ ಮೊಣಕಾಲು ನೋವು. ಮೆಟ್ಟಿಲ ಹತ್ತಾದು ತಪ್ಪಿತಲ್ಲ ಅಂತ ಖುಷಿ ಆತು. ಒಮ್ಮೆ ಹೋಗಿ ನೋಡಬೇಕಿತ್ತು."

ಅವನನ್ನು ಸಂಜೆವರೆಗೂ ಠಾಣೆಯಲ್ಲೇ ಕೂರಿಸಿಕೊಂಡರು. ಹೋಗುವಾಗ ಊರು ಬಿಟ್ಟು ಹೋಗಬಾರದು ಎಂದು ಬರೆಸಿಕೊಂಡರು. ವೈರ್‌ಮನ್ ಸಿಕ್ಕಿಬಿದ್ದ ಎಂಬ ಸುದ್ದಿ ಅಷ್ಟರಲ್ಲಿ ಚಾಳದ ತುಂಬ ಹರಡಿತ್ತು.

ಭಾನುವಾರ ಕಲಶೆಟ್ಟಿ ಮತ್ತು ಬುಷರಾ ಬಾಂದ್ರಾಕ್ಕೆ ಹೋಗಿ ಅಲ್ತಮಶನನ್ನು ಕಂಡರು. ಅವನೂ ಕನ್ನಡದವನೇ, ಮಾತಿನಲ್ಲಿ ಹಿಂದಿ ಬೆರೆತಿತ್ತು. ರಾತ್ರಿಪಾಳಿಯ ಕೆಲಸ, ಹಗಲು ನಿದ್ದೆ. ಬೆಂಕಿಯ ದಿನ ಅವನೂ ಖೋಲಿಯಲ್ಲೇ ಮಲಗಿದ್ದ. ಜನ ಕೂಗುವುದು ಕೇಳಿ ಬರಿಗಾಲಲ್ಲಿ ಓಡಿಬಂದು ಪ್ರಾಣ ಉಳಿಸಿಕೊಂಡಿದ್ದ. ಗೆಳೆಯನ ಮನೆಯ ಸೋಫಾದ ಅಂಚಿಗೆ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ.

"ಎಸಿ ಚಾಲೂ ಇತ್ತು?"

"ಹಾ, ಸರ್. ದಿನ್ ಮೇ ನಿದ್ದೆ ಬರಲ್ಲ ಅದು ಇಲ್ಲದಿದ್ರೆ."

"ಫ್ಯೂಸ್ ಹೋಗ್ತಿತ್ತಲ್ಲ?"

"ಮೊದ್ಲು ರೋಜ್ ಹೋಗ್ತಿತ್ತು. ಚೆನ್ನಯ ಅಂಕಲ್ ಬಂದು ಡೋರ್ ನಾಕ್ ಮಾಡೋರು. 'ಎಸಿ ಬಂದ್ ಮಾಡು ಮಾರಾಯ, ನನ್ನ ಹೆಂಡ್ತಿ ಉಸಿರಿನ ಮೆಷಿನ್ ನಿಂತೋಯ್ತು' ಅಂತ. ನಾನು ಬಂದ್ ಮಾಡ್ತಿದ್ದೆ ಸರ್, ಸಚ್ಚಿ. ಎರಡು ಗಂಟೆ ಆದ್ಮೇಲೆ ಗರ್ಮಿ ತಡೀದೆ ಫಿರ್ ಸೇ ಆನ್. ಒಂದು ಸಲ ಜಗಳ ಭೀ ಆಯ್ತು."

"ಆಮೇಲೆ?"

"ಆಮೇಲೆ ಫ್ಯೂಸ್ ಹೋಗೋದು ಬಂದ್. ಬಾಷಾಭಾಯ್ ರಿಪೇರಿ ಮಾಡಿದ್ರು ಅಂದ್ಕೊಂಡೆ. ಅಂಕಲ್ ಕೂಡ ಮತ್ತೆ ಬರ್ಲಿಲ್ಲ."

ಮೆಟ್ಟಿಲು ಇಳಿಯುವಾಗ ಬುಷರಾ ನಡುವೆಯೇ ನಿಂತಳು.

"ಸರ್, ಬಾಷಾಗೆ ಗೊತ್ತಿಲ್ಲ ಫ್ಯೂಸ್ ಯಾಕೆ ನಿಂತ್ತು. ಅಲ್ತಮಶಗೆ ಭೀ ಗೊತ್ತಿಲ್ಲ. ಚೆನ್ನಯ ಯಾಕೆ ಕೇಳ್ಲಿಲ್ಲ? ಅವರಿಗೇ ತೊ ಎಲ್ಲರಿಗಿಂತ ಜಾಸ್ತಿ ತೊಂದ್ರೆ ಇತ್ತು."

ಕಲಶೆಟ್ಟಿ ಅವಳ ಮುಖ ನೋಡಿದರು. ಅವರ ಮನಸ್ಸಿನಲ್ಲೂ ಅದೇ ಓಡುತ್ತಿತ್ತು, ಹೇಳಲು ಮನಸ್ಸಾಗಿರಲಿಲ್ಲ.

ಸೋಮವಾರ ಪಂಚರ ಎದುರು ಚೆನ್ನಯರ ಖೋಲಿ ತೆರೆಸಿದರು. ಗೋಡೆಗಳು ಮಸಿ ಹಿಡಿದಿದ್ದವು. ಸಾಮಾನೆಲ್ಲ ಇದ್ದಲ್ಲೇ ಇತ್ತು. ಕಬ್ಬಿಣದ ಮಂಚ, ಮಂಚದ ತಲೆಗಡೆ ಗೋಡೆಯಲ್ಲಿ ಮೂರು ತೂತಿನ ಹೊಸ ಸಾಕೆಟ್ಟು. ಚಾಳದಲ್ಲಿ ಎಲ್ಲ ಕಡೆ ಎರಡೇ ತೂತಿನ ಹಳೆಯ ಸಾಕೆಟ್ಟುಗಳಿರುವಾಗ ಇದೊಂದು ಬೇರೆಯಾಗಿ ಕಾಣುತ್ತಿತ್ತು. ಆಕ್ಸಿಜನ್ ಯಂತ್ರ ಕೊಟ್ಟ ಅಂಗಡಿಯವನು ಹಾಕಿಕೊಟ್ಟದ್ದು. ಅರ್ಥಿಂಗ್ ಬೇಕೆಂದು ಸಾಕೆಟ್ಟಿನಿಂದ ಒಂದು ಬರಿ ತಾಮ್ರದ ತಂತಿಯನ್ನು ಗೋಡೆಗುಂಟ ಎಳೆದು ಸ್ನಾನದ ಮೋರಿಯ ನಲ್ಲಿಯ ಪೈಪಿಗೆ ಸುತ್ತಿದ್ದ.

ಸಾಳವಿ ತಂತಿಯ ದಪ್ಪ ಅಳೆಯುವ ಗೇಜು ಹಿಡಿದರು. ಹದಿನಾಲ್ಕು. ಫ್ಯೂಸಿನ ತಂತಿಯೂ ಹದಿನಾಲ್ಕು. ಗ್ಯಾಸಿನ ಸಿಲಿಂಡರ್ ಹಿಂದಿನ ಡಬ್ಬಿಯಲ್ಲಿ ಉಳಿದ ತಂತಿಯ ಸುರುಳಿ ಸಿಕ್ಕಿತು, ಜತೆಗೆ ಇಕ್ಕಳ. ಎರಡೂ ತಂತಿಯ ತುದಿಗಳನ್ನು ಪ್ರಯೋಗಾಲಯಕ್ಕೆ ಕಳಿಸಲು ಕಟ್ಟಿದರು. ಕಲಶೆಟ್ಟಿ ಪಂಚನಾಮೆಗೆ ಸಹಿ ಹಾಕಿ ಖೋಲಿಯ ಬಾಗಿಲನ್ನು ತಾವೇ ಎಳೆದುಕೊಂಡರು.

ಸಯನ್‌ನ ಮನೆ ಮೂರನೇ ಮಾಳಿಗೆಯಲ್ಲಿತ್ತು. ಬಾಗಿಲು ತೆರೆದವಳು ಶ್ರಾವ್ಯಾ, ಚೆನ್ನಯರ ತಂಗಿಯ ಮಗಳು. ಒಳಗೆ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ವಸಂತಿ ದಿಂಬಿಗೆ ಒರಗಿ ಕುಳಿತಿದ್ದರು. ಮೂಗಿಗೆ ನಳಿಗೆ. ಕೆಳಗೆ ಬಾಡಿಗೆಗೆ ತಂದ ಬೇರೊಂದು ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಚೆನ್ನಯ ಹೋಟೆಲಿನಲ್ಲಿ ನಲವತ್ತು ವರ್ಷ ಒಲೆಯ ಮುಂದೆ ನಿಂತವರು. ಹೆಂಡತಿಯ ಶ್ವಾಸಕೋಶ ಕೆಟ್ಟ ಮೇಲೆ ಕೆಲಸ ಬಿಟ್ಟಿದ್ದರು. ಪೊಲೀಸರನ್ನು ನೋಡಿ ಎದ್ದು ನಿಂತರು.

"ಕೂತ್ಕೊಳ್ಳಿ ಸರ್. ಚಾ ಮಾಡ್ಲಿಕ್ಕೆ ಹೇಳ್ತೇನೆ."

"ಬ್ಯಾಡ್ರಿ. ಒಂದು ಮಾತು ಕೇಳೂದೈತಿ. ಅಲ್ತಮಶನ ಕದಾ ಬಡಿಯೂದು ಯಾಕ್ ಬಿಟ್ರಿ?"

"ಹೇಳಿ ಹೇಳಿ ಸಾಕಾಯ್ತು ಸರ್."

"ಫ್ಯೂಸ್ ಹೋಗೂದು ನಿಂತಿತ್ತು, ಅದಕ್ಕ ಬಿಟ್ರಿ. ಯಾರು ನಿಲ್ಲಿಸಿದ್ರು?"

ಚೆನ್ನಯ ಹೆಂಡತಿಯತ್ತ ನೋಡಿದರು. "ನಾವು ಹೊರಗೆ ಮಾತಾಡುವನಾ ಸರ್?"

"ಇಲ್ಲೇ ಹೇಳಿ" ಎಂದರು ವಸಂತಿ. ಒಂದೊಂದು ಮಾತಿಗೂ ಒಂದೊಂದು ಉಸಿರು. "ನಾಲ್ಕು ದಿನದಿಂದ... ಊಟ ಮಾಡ್ತಾ ಇಲ್ಲ ಇವರು. ಎಂತ ಆಗಿದೆ ಅಂತ... ನಂಗೂ ಗೊತ್ತಾಗ್ಲಿ."

ಚೆನ್ನಯ ಹಾಸಿಗೆಯ ಕಾಲ ಬಳಿ ಕುಳಿತರು.

"ನಾನೇ ಹಾಕಿದ್ದು ಸರ್."

ಬುಷರಾ ಪೆನ್ನು ತೆಗೆದಳು.

"ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಾನು ಇವಳ ಮದ್ದು ತರ್ಲಿಕ್ಕೆ ಆಸ್ಪತ್ರೆಗೆ ಹೋಗಿದ್ದೆ. ಕ್ಯೂ ಉದ್ದ ಇತ್ತು. ಬರುವಾಗ ಲೇಟಾಯ್ತು. ಬಂದು ನೋಡ್ತೇನೆ, ಕರೆಂಟಿಲ್ಲ, ಮೆಷಿನ್ ನಿಂತಿದೆ. ದೌಲತಕ್ಕ ಮಂಚದ ಮೇಲೆ ಕೂತು ಇವಳನ್ನು ಎದೆಗೆ ಒರಗಿಸಿಕೊಂಡಿದ್ರು. ರಟ್ಟಿನ ತುಂಡಲ್ಲಿ ಗಾಳಿ ಹಾಕ್ತಾ ಇದ್ರು. ಬಾಷಾನನ್ನು ಕರೀಲಿಕ್ಕೆ ಯಾರನ್ನೋ ಓಡಿಸಿದ್ರಂತೆ. ಇವಳ ತುಟಿ ನೇರಳೆ ಬಣ್ಣ ಆಗಿತ್ತು. ದೌಲತಕ್ಕ ಹೇಳ್ತಾ ಇದ್ರು, 'ವಸಂತಿ, ನನ್ ಸಂಗಾಟ ಉಸಿರ ತಗೋ, ಈಗ ಬಿಡು, ತಗೋ' ಅಂತ. ಮಕ್ಕಳಿಗೆ ಹೇಳಿದ ಹಾಗೆ. ಅವರಿಲ್ಲದಿದ್ರೆ ಇವಳು ಅವತ್ತೇ ಹೋಗ್ತಿದ್ಲು."

ವಸಂತಿ ಕಣ್ಣು ಮುಚ್ಚಿಕೊಂಡರು.

"ಇನ್ನು ಈ ಫ್ಯೂಸ್ ಹೋಗ್ಲೇಬಾರ್ದು ಅಂತ ಅನ್ನಿಸ್ತು. ಅರ್ಥಿಂಗಿನ ತಂತಿ ಮಿಕ್ಕಿತ್ತು. ಮರುದಿನ ಬೆಳಿಗ್ಗೆ ಮೈನ್ ಬಂದ್ ಮಾಡಿ, ಒಂದು ತುಂಡು ಕಡಿದು ಬಿಗಿದುಬಿಟ್ಟೆ. ಆಮೇಲೆ ಕರೆಂಟ್ ಹೋಗ್ಲೇ ಇಲ್ಲ. ಎರಡು ವಾರ ಇವಳು ಚೆನ್ನಾಗಿ ನಿದ್ದೆ ಮಾಡಿದ್ಲು ಸರ್."

"ದಪ್ಪ ತಂತಿ ಹಾಕಬಾರ್ದು ಅನ್ನೂದು ಗೊತ್ತಿತ್ತಾ?"

ಈ ಪ್ರಶ್ನೆಗೆ ಇಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಕೇಸು ಎಷ್ಟೋ ಹಗುರವಾಗುತ್ತಿತ್ತು.

"ಗೊತ್ತಿತ್ತು. ಬಾಷಾ ಒಮ್ಮೆ ಹೇಳಿದ್ದ, ಫ್ಯೂಸ್ ಕಟ್ಟುವಾಗ ದಪ್ಪದ್ದು ಹಾಕ್ಬೇಡಿ, ಬೆಂಕಿ ಹತ್ತೀತು ಅಂತ. ಹೊಸ ಲೈನ್ ಹಾಕಿಸುವವರೆಗೆ ಮಾತ್ರ ಇರಲಿ ಅಂತ ನನಗೆ ನಾನೇ ಹೇಳಿಕೊಂಡೆ. ಹಾಕಿಸ್ಲಿಕ್ಕೆ ಮಾಲೀಕ ಒಪ್ಪಿಗೆ ಕೊಡ್ಲಿಲ್ಲ. ತೆಗೀಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ."

"ಬೆಂಕಿ ಹತ್ತಿದಾಗ?"

"ಹೊಗೆ ಬಂತು. ಇವಳನ್ನು ಹೊತ್ತುಕೊಂಡೆ. ದೌಲತಕ್ಕನ ಬಾಗಿಲು ಮುಚ್ಚಿತ್ತು. ದಾಟುವಾಗ ಕೂಗಿದೆ. ನಿಲ್ಲಲಿಲ್ಲ ಸರ್, ಕೂಗಿಕೊಂಡೇ ಇಳಿದೆ. ಎದ್ದು ಬರ್ತಾರೆ ಅಂದ್ಕೊಂಡೆ."

"ಬಾಷಾನ್ನ ಠಾಣೇಕ ಒಯ್ದದ್ದು ಗೊತ್ತಾತಾ?"

"ಫೋನ್ ಬಂದಿತ್ತು."

"ಆದ್ರೂ ಸುಮ್ನ ಕುಂತ್ರಿ."

"ಕೂತೆ." ಚೆನ್ನಯ ಹಾಸಿಗೆಯ ಅಂಚು ಹಿಡಿದುಕೊಂಡರು. "ನಾನು ಒಳಗೆ ಹೋದ್ರೆ ಇವಳಿಗೆ ಯಾರುಂಟು ಅಂತ. ಫ್ಯೂಸ್ ಹಾಕುವಾಗಲೂ ಅದೇ ಯೋಚನೆ, ಆಮೇಲೂ ಅದೇ. ಬೇರೆಯವರ ಬಗ್ಗೆ ಯೋಚನೆಯೇ ಬರ್ಲಿಲ್ಲ ಸರ್ ನನಗೆ."

ವಸಂತಿ ಕಣ್ಣು ತೆರೆದು ಗಂಡನನ್ನಲ್ಲ, ಕಲಶೆಟ್ಟಿಯವರನ್ನು ನೋಡಿ ಮಾತಾಡಿದರು.

"ಇವರ ಬೆನ್ನ ಮೇಲಿಂದ... ನಾನು ಆ ಬಾಗಿಲು ನೋಡಿದ್ದೆ. ಒಂದು ಸಲ ನಿಲ್ಲಿ... ಬಾಗಿಲು ದೂಡಿ ಅಂತ... ಹೇಳ್ಬೇಕಿತ್ತು. ಹೇಳ್ಲಿಕ್ಕೆ ಉಸಿರಿರ್ಲಿಲ್ಲ."

ಶ್ರಾವ್ಯಾ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು.

ಕಲಶೆಟ್ಟಿ ಬಂಧನದ ಮೆಮೋ ಬರೆಸಿದರು. ಬಂಧನದ ಕಾರಣವನ್ನು ಚೆನ್ನಯರಿಗೆ ಓದಿ ಹೇಳಿದರು. ಬೆಂಕಿ ಹಚ್ಚಿದ ಕಲಂ ಕೈಬಿಡಲಾಗಿತ್ತು. ಭಾರತೀಯ ನ್ಯಾಯ ಸಂಹಿತೆಯ 106(1), ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು. ಶ್ರಾವ್ಯಾ ಸಂಬಂಧಿಕಳಾಗಿ ಸಹಿ ಮಾಡಿದಳು. ಹೊರಡುವ ಮೊದಲು ಚೆನ್ನಯ ಬಗ್ಗಿ ಯಂತ್ರದ ನೀರಿನ ಬಾಟಲಿ ನೋಡಿದರು, ನಳಿಗೆ ಎಲ್ಲೂ ಮಡಚಿಲ್ಲವೆಂದು ಬೆರಳಾಡಿಸಿ ನೋಡಿದರು. ಬಾಟಲಿಯ ನೀರು ದಿನಾ ಬದಲಿಸಬೇಕು, ಕುದಿಸಿ ಆರಿಸಿದ ನೀರೇ ಆಗಬೇಕು ಎಂದು ಶ್ರಾವ್ಯಾಳಿಗೆ ಎರಡೆರಡು ಸಲ ಹೇಳಿದರು. ಹೆಂಡತಿಗೆ ಏನೂ ಹೇಳಲಿಲ್ಲ.

ಸಂಜೆ ಜಮೀರನನ್ನು ಠಾಣೆಗೆ ಕರೆಸಿದರು. ಕಲಶೆಟ್ಟಿ ಅವನನ್ನು ತಮ್ಮ ಕೋಣೆಯಲ್ಲಿ ಕೂರಿಸಿ, ಬೆಂಕಿ ಹತ್ತಿದ ಬಗೆಯನ್ನೂ ತಂತಿ ಹಾಕಿದವರು ಯಾರೆಂಬುದನ್ನೂ ತಾವೇ ಹೇಳಿದರು. ಜಮೀರ ನಂಬಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

"ಚೆನ್ನಯಮಾಮಾ?" ಎಂದ. "ನಾ ಸಾಲಿಗೆ ಹೋಗೂ ಮುಂದ ಹೋಟೆಲದಿಂದ ಬನ್ಸ್ ತಂದ ಕೊಡ್ತಿದ್ರು. ಮೊನ್ನೆ ಅಮ್ಮೀ ಮಣ್ಣಿಗೆ ಬರ್ಲಿಲ್ಲ. ವಸಂತಿಮಾಮಿಗೆ ಜಡ್ಡು ಅಂತ ನಾನ ಮಂದಿಗೆ ಹೇಳಿದ್ನಿ."

ಹೊರಗಿನ ಬೆಂಚಿನಲ್ಲಿ ಚೆನ್ನಯ ಇದ್ದರು. ಜಮೀರ ಹೋಗಿ ಅವರ ಮುಂದೆ ನಿಂತ. ಬುಷರಾ ಎದ್ದು ಅಡ್ಡ ಹೋಗಲು ನೋಡಿದಳು, ಕಲಶೆಟ್ಟಿ ಕೈಸನ್ನೆ ಮಾಡಿ ತಡೆದರು. ಆದರೆ ಜಮೀರ ಕೈ ಎತ್ತಲಿಲ್ಲ.

"ಅಮ್ಮೀ ಹೇಳಿದ್ಲು ನನಗ. ಮಾಮೀಗ ಭಾಳ ಆಗಿತ್ತು, ನಾ ಹಿಡ್ಕೊಂಡು ಕುಂತಿದ್ನಿ ಅಂತ. ಅವತ್ತ ಆಕೀ ಉಂಡಿರ್ಲಿಲ್ಲ."

"ಹೌದು ಮಗಾ."

"ನಿಮಗ ಭಯ ಇತ್ತು ಅಂದ್ರ ನಮಗ ಹೇಳಬಹುದಿತ್ತಲ್ಲ. ನಮ್ಮ ಖೋಲ್ಯಾಗಿನ ಫ್ರಿಜ್ ಬಂದ್ ಮಾಡ್ತಿದ್ವಿ. ಆ ಹುಡುಗನ ಎಸಿ ನಾನ ಕಿತ್ತು ಒಗೀತಿದ್ನಿ."

ಚೆನ್ನಯ ತಲೆ ತಗ್ಗಿಸಿದರು.

"ಅಮ್ಮೀ ಇದ್ದಿದ್ರ, ಹೋಗ್ಲಿ ಬಿಡ್ರಿ ಸಾಹೇಬ್ರ ಅಂತಿದ್ಲು" ಎಂದು ಜಮೀರ ಕಲಶೆಟ್ಟಿಯವರತ್ತ ತಿರುಗಿ ಹೇಳಿದ. "ನಾ ಅಮ್ಮೀ ಅಲ್ಲ."

ಅವನು ಪೂರಕ ಹೇಳಿಕೆಗೆ ಸಹಿ ಮಾಡಿ, ಯಾರ ಕಡೆಗೂ ನೋಡದೆ ಹೊರಟುಹೋದ. ಗೇಟಿನ ಹೊರಗೆ ಬಾಷಾ ನಿಂತಿದ್ದ. ಅವನ ಮುಂದೆ ಜಮೀರ ಒಂದು ಗಳಿಗೆ ನಿಂತು ಏನೋ ಹೇಳಿದ. ಕಿಟಕಿಯಿಂದ ನೋಡುತ್ತಿದ್ದ ಕಲಶೆಟ್ಟಿಯವರಿಗೆ ಮಾತು ಕೇಳಿಸಲಿಲ್ಲ. ಬಾಷಾ ಅವನ ಭುಜದ ಮೇಲೆ ಕೈ ಇಟ್ಟದ್ದು ಕಂಡಿತು. ಇಬ್ಬರೂ ರೈಲು ಸ್ಟೇಷನ್ನಿನ ಕಡೆಗೆ ನಡೆದುಹೋದರು.

ಜಾಮೀನು ಸಿಗುವ ಕಲಂ. ಮರುದಿನ ಶ್ರಾವ್ಯಾಳ ಗಂಡ ಜಾಮೀನು ಕೊಟ್ಟು ಚೆನ್ನಯರನ್ನು ಮನೆಗೆ ಕರೆದೊಯ್ದ. ಮಾಲೀಕನಿಗೆ ನೋಟಿಸು ಹೋಯಿತು. ಎಚ್ಚರಿಕೆ ಕೊಟ್ಟರೂ ಲೈನು ಬದಲಿಸದೆ ಬಿಟ್ಟ ಅವನ ಪಾತ್ರದ ತನಿಖೆ ಬೇರೆಯಾಗಿ ನಡೆಯಿತು. ಮಹಾನಗರಪಾಲಿಕೆಯವರು ಬಂದು ಚಾಳಕ್ಕೆ ಅಪಾಯದ ಬೋರ್ಡು ಹಚ್ಚಿದರು. ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು.

ಆರೋಪಪಟ್ಟಿಯ ಕರಡನ್ನು ಬುಷರಾ ಬರೆದಳು. ಕೃತ್ಯದ ಹಿನ್ನೆಲೆ ಎಂಬಲ್ಲಿ ಕಲಶೆಟ್ಟಿ ಹೇಳಿ ಬರೆಸಿದರು: ಆರೋಪಿಗೆ ಮೃತಳ ಮೇಲೆ ದ್ವೇಷವಿರಲಿಲ್ಲ, ಲಾಭದ ಆಸೆಯಿರಲಿಲ್ಲ. ಹೆಂಡತಿಯ ಉಸಿರಾಟದ ಯಂತ್ರ ನಿಲ್ಲಬಾರದೆಂಬ ಒಂದೇ ಉದ್ದೇಶದಿಂದ, ಅಪಾಯದ ಅರಿವಿದ್ದೂ ಫ್ಯೂಸಿಗೆ ದಪ್ಪ ತಂತಿ ಹಾಕಿರುತ್ತಾನೆ. ಇದಕ್ಕೂ ಮೊದಲು ಮೃತಳು ಆರೋಪಿಯ ಹೆಂಡತಿಯ ಪ್ರಾಣ ಉಳಿಸಿರುತ್ತಾಳೆ.

"ಸರ್, ಈ ಲಾಸ್ಟ್ ಲೈನ್ ಕೋರ್ಟಿಗೆ ಬೇಕಾ?" ಬುಷರಾ ಕೇಳಿದಳು.

"ಬ್ಯಾಡ" ಎಂದರು ಕಲಶೆಟ್ಟಿ. "ಇರ್ಲಿ."

ಜೂನ್ ತಿಂಗಳಲ್ಲಿ ಒಂದು ಸಹಿಯ ವಿಷಯಕ್ಕೆ ಅವರು ಶ್ರಾವ್ಯಾಳಿಗೆ ಫೋನು ಮಾಡಿದಾಗ, ವಸಂತಿ ಹೇಗಿದ್ದಾರೆ ಎಂದು ಕೇಳಿದರು. ಹಾಗೇ ಇದ್ದಾರೆ ಎಂದಳು ಶ್ರಾವ್ಯಾ. ಮಾಮ ರಾತ್ರಿಯೆಲ್ಲ ಯಂತ್ರದ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಎಚ್ಚರ ಇರುತ್ತಾರೆ. ಅತ್ತೆ ಮಾತ್ರ ಮಾತು ಪೂರ್ತಿ ಬಿಟ್ಟಿದ್ದಾರೆ. ಮಾತಾಡುವಷ್ಟು ಉಸಿರು ಉಳಿದಿಲ್ಲವೋ, ಮಾಮನ ಜತೆ ಆಡುವುದು ಬೇಡವೆನಿಸಿದೆಯೋ, ಕೇಳಲು ತನಗೆ ಧೈರ್ಯವಾಗಿಲ್ಲ ಎಂದಳು.